ಎರಡು ಹೆಸರಿನ ಒಂದು ಸೇತುವೆ: ಕೃಷ್ಣೆಯ ಎರಡೂ ದಡದ ಆಡಳಿತಕ್ಕೆ ಬಹಿರಂಗ ಪತ್ರ

ಮಾನ್ಯರೇ,

ಶಹಾಪುರ ತಾಲ್ಲೂಕಿನವರು ಅದನ್ನು ಕೊಳ್ಳೂರು ಸೇತುವೆ ಎನ್ನುತ್ತಾರೆ. ಆಚೆ ದಡದ ದೇವದುರ್ಗ ತಾಲ್ಲೂಕಿನವರು ಹೂವಿನಹೆಡಗಿ ಸೇತುವೆ ಎನ್ನುತ್ತಾರೆ. ನನ್ನ ಬಾಯಲ್ಲಿ ಎರಡೂ ಹೆಸರು ಬರುತ್ತವೆ. ತವರು ಆಚೆ, ಗಂಡನ ಮನೆ ಈಚೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ‘ಹೂವಿನಹೆಡಗಿ ಬ್ರಿಜ್’ ಎಂದರೆ ಅತ್ತೆ ‘ಕೊಳ್ಳೂರು ಬ್ರಿಜ್ ಅನ್ನಬೇಕು’ ಎಂದು ತಿದ್ದುತ್ತಿದ್ದರು. ತವರಿಗೆ ಹೋಗಿ ‘ಕೊಳ್ಳೂರು ಬ್ರಿಜ್’ ಎಂದರೆ ಅವ್ವನ ಮುಖ ಸಣ್ಣದಾಗುತ್ತಿತ್ತು. ಮಗಳು ಆ ದಡದವಳೇ ಆಗಿಬಿಟ್ಟಳು ಎಂದು.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಯಾರ ಮೇಲೂ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಒಂದು ಸೇತುವೆಯನ್ನು ಅದರ ಮೇಲೆ ಓಡಾಡುವವರ ಕಣ್ಣಿನಿಂದ ನಿಮಗೆ ತೋರಿಸಬೇಕೆಂಬ ಆಸೆಯಿಂದ ಬರೆಯುತ್ತಿದ್ದೇನೆ. ಕೊಳ್ಳೂರು ಸೇತುವೆ ಪತ್ರಿಕೆಯಲ್ಲಿ ಬರುವುದು ವರ್ಷಕ್ಕೊಮ್ಮೆ, ‘ಮುಳುಗಡೆ’ ಎಂಬ ತಲೆಬರಹದ ಕೆಳಗೆ. ನೀರು ಇಳಿದ ಮರುದಿನ ಸುದ್ದಿಯೂ ಇಳಿದುಹೋಗುತ್ತದೆ. ಉಳಿದ ದಿನಗಳಲ್ಲಿ ಅದು ಮಾಡುವ ಕೆಲಸವನ್ನು ಯಾರೂ ಬರೆಯುವುದಿಲ್ಲ.

ಮೊದಲು ನಮ್ಮ ನೆಲದ ವಿಚಾರ ಹೇಳುತ್ತೇನೆ. ಶಹಾಪುರ, ಸುರಪುರ, ಜೇವರ್ಗಿಯ ಕಡೆಯದು ಭೀಮಾ ಮತ್ತು ಕೃಷ್ಣೆಯ ನಡುವಿನ ನೆಲ; ಎರಡು ಹೊಳೆಗಳ ನಡುವಿನ ಇಂಥ ನೆಲಕ್ಕೆ ದೋಆಬ್ ಎನ್ನುತ್ತಾರೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ನಮ್ಮದೇ ಜಿಲ್ಲಾ ಕೇಂದ್ರವಾದ ಯಾದಗಿರಿಗೆ ಹೋಗಬೇಕಾದರೂ ಭೀಮೆಯನ್ನು ದಾಟಬೇಕು. ಕಲಬುರಗಿಗೆ ಹೋಗುವವರು ಜೇವರ್ಗಿಯ ಮುಂದೆ ಕಟ್ಟಿಸಂಗಾವಿಯಲ್ಲಿ ಅದೇ ಭೀಮೆಯನ್ನು ದಾಟುತ್ತಾರೆ. ದೇವದುರ್ಗಕ್ಕೋ ರಾಯಚೂರಿಗೋ ಹೊರಟರೆ ಎದುರಿಗೆ ಕೃಷ್ಣೆ. ಸಿಂದಗಿ, ತಾಳಿಕೋಟೆಯ ಕಡೆಗೆ ಬಿಟ್ಟರೆ ಶಹಾಪುರದವರು ಎತ್ತ ಮುಖ ಮಾಡಿದರೂ ಒಂದು ಹೊಳೆ ದಾಟಲೇಬೇಕು. ಹೊಳೆಯಾಚೆ ಇರುವುದು ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಇನ್ನೊಂದು ದೋಆಬ್, ಚರಿತ್ರೆಯ ಪಾಠದಲ್ಲಿ ರಾಜರು ಮತ್ತೆ ಮತ್ತೆ ಕಾದಾಡಿದ ರಾಯಚೂರು ದೋಆಬ್. ಈ ಎರಡು ದೋಆಬ್‌ಗಳನ್ನು ಜೋಡಿಸುವ ಹೊಲಿಗೆಗಳಲ್ಲಿ ನಮ್ಮ ಸೇತುವೆಯೂ ಒಂದು.

ಈ ದಡಗಳು ಎಂದೂ ಪರಸ್ಪರ ಪರಕೀಯವಾಗಿರಲಿಲ್ಲ. ಸುರಪುರದ ಬೇಡ ನಾಯಕರ ಚರಿತ್ರೆಯಲ್ಲಿ ದೇವದುರ್ಗದ ಕೋಟೆಗೂ ಪಾಲಿದೆ. ಮುಂದೆ ಎರಡೂ ದಡ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಸೇರಿದವು. 1948ರ ಸೆಪ್ಟೆಂಬರ್ 17ರಂದು ಒಟ್ಟಿಗೇ ವಿಮೋಚನೆ ಕಂಡವು, 1956ರ ನವೆಂಬರ್ 1ರಂದು ಒಟ್ಟಿಗೇ ಕನ್ನಡ ನಾಡಿಗೆ ಸೇರಿದವು. ಅಷ್ಟಾದರೂ ನಕ್ಷೆಯಲ್ಲಿ ಹೊಳೆಯೇ ಗಡಿ. ಹಿಂದೆ ಅದು ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಗಡಿಯಾಗಿತ್ತು. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾದ ಮೇಲೆ ಯಾದಗಿರಿ ಮತ್ತು ರಾಯಚೂರಿನ ಗಡಿಯಾಯಿತು. ನನಗೆ ಅನ್ನಿಸುವುದು ಇಷ್ಟು: ಮನೆಯ ಅಂಗಳದ ಗಿಡಕ್ಕೆ ನೀರು ಹಾಕುವವರು ಇರುತ್ತಾರೆ, ಇಬ್ಬರ ಹೊಲದ ಬದುವಿನ ಮೇಲಿನ ಗಿಡಕ್ಕೆ ಯಾರು ಹಾಕುತ್ತಾರೆ? ಎರಡು ಜಿಲ್ಲೆಗಳ ಅಂಚಿನಲ್ಲಿರುವ ಸೇತುವೆ ಎರಡೂ ಕಡೆಯ ಪಟ್ಟಿಯಲ್ಲಿ ಕೊನೆಯ ಸಾಲಿಗೆ ಸರಿಯುವುದು ಸಹಜ. ಹಾಗಾಗಬಾರದು ಎಂದು ಕೇಳುವುದಕ್ಕೇ ಈ ಪತ್ರ.

ನನ್ನ ಅಜ್ಜ ಹೊಳೆ ದಾಟುತ್ತಿದ್ದುದು ಹರಿಗೋಲಿನಲ್ಲಿ. ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿದ ದುಂಡನೆಯ ಬುಟ್ಟಿಯಂಥ ದೋಣಿ. ಅಂಬಿಗರು ಹೊಳೆಯ ಸೆಳೆತ ಬಲ್ಲವರು. ನೇರವಾಗಿ ಆಚೆ ದಡಕ್ಕೆ ಹುಟ್ಟು ಹಾಕುತ್ತಿರಲಿಲ್ಲ. ದಡದಗುಂಟ ಮೇಲಕ್ಕೆ ಬಹುದೂರ ಹರಿಗೋಲನ್ನು ಎಳೆದುಕೊಂಡು ಹೋಗಿ, ಅಲ್ಲಿಂದ ಬಿಟ್ಟು, ನೀರಿನ ಸೆಳೆತದ ಜೊತೆಗೇ ಓರೆಯಾಗಿ ಜಾರುತ್ತ ಎದುರಿನ ಘಟ್ಟಕ್ಕೆ ಸರಿಯಾಗಿ ಮುಟ್ಟಿಸುತ್ತಿದ್ದರು. ಕೂಲಿಯನ್ನು ಸುಗ್ಗಿಯಲ್ಲಿ ಜೋಳದ ರೂಪದಲ್ಲಿ ಕೊಡುವುದು ನಮ್ಮ ಮನೆಯ ಪದ್ಧತಿಯಾಗಿತ್ತಂತೆ. ಹೊಳೆ ತುಂಬಿದಾಗ ಅಂಬಿಗ ಬೇಡ ಎಂದರೆ ಮುಗಿಯಿತು, ಊರ ಗೌಡರು ಬಂದು ಹೇಳಿದರೂ ಹರಿಗೋಲು ನೀರಿಗಿಳಿಯುತ್ತಿರಲಿಲ್ಲ. ಆ ಮಾತನ್ನು ಅಜ್ಜ ಬಹಳ ಗೌರವದಿಂದ ಹೇಳುತ್ತಿದ್ದ. ದಾಟಬಹುದೋ ಬಾರದೋ ಎಂದು ಹೇಳಲು ಆಗ ಒಬ್ಬ ಮನುಷ್ಯನಿದ್ದ, ಎರಡೂ ದಡದವರು ಅವನೊಬ್ಬನ ಮಾತನ್ನೇ ನಂಬುತ್ತಿದ್ದರು.

ಇದು ಹಳೆಯ ಕಾಲದ ಕಥೆ ಎಂದು ತಳ್ಳಿಹಾಕಬೇಡಿ. ನಮ್ಮ ಜಿಲ್ಲೆಯದೇ ಆದ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುವಿನ ನಡುಗಡ್ಡೆ. 2014ರ ಮಳೆಗಾಲದಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತುಂಬಿದ ಹೊಳೆಯಲ್ಲಿ ಈಜಿ ದಡ ಸೇರಿದ್ದನ್ನು ದೇಶವೇ ಓದಿತು. ಸೇತುವೆಯಿಲ್ಲದ ಹೊಳೆ ಎಂದರೇನು ಎಂಬುದಕ್ಕೆ ನಾವು ನೂರು ವರ್ಷ ಹಿಂದಕ್ಕೆ ಹೋಗಬೇಕಿಲ್ಲ.

ಸೇತುವೆ ತೆರೆದಿರುವ ದಿನ ಬೆಳಗಿನ ಏಳು ಗಂಟೆಗೆ ಬಂದು ನೋಡಿ. ಭತ್ತದ ನಾಟಿಗೆ ಹೊರಟ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂಗಳು ಎದುರುಬದುರಾಗುತ್ತವೆ. ಇತ್ತಣವರು ಅತ್ತ, ಅತ್ತಣವರು ಇತ್ತ, ಯಾವ ದಡದಲ್ಲಿ ಗದ್ದೆಗೆ ನೀರು ಮೊದಲು ಬಂದಿದೆಯೋ ಅಲ್ಲಿಗೆ. ಮೊಣಕಾಲ ಮೇಲೆ ಬುತ್ತಿಗಂಟು, ತಲೆಗೆ ಸುತ್ತಿದ ಟವಲ್. ಸುಗ್ಗಿಯಲ್ಲಿ ರಾಯಚೂರಿನ ಮಾರುಕಟ್ಟೆಗೆ ಹೊರಟ ಹತ್ತಿಯ ಗಾಡಿಗಳು, ಅಂಚಿನ ಮೇಲೆ ಉಬ್ಬಿದ ಹೇರು ಎರಡೂ ಬದಿಯ ಕಂಬಿಗೆ ತಾಗುತ್ತದೆಯೋ ಎನ್ನುವಂತೆ. ಕೊಪ್ಪರದ ನರಸಿಂಹ ದೇವರಿಗೆ ಹೋಗುವ ಭಕ್ತರು. ಬಾಣಂತನಕ್ಕೆ ತವರಿಗೆ ಹೊರಟ ಹೆಣ್ಣು, ಪಕ್ಕದಲ್ಲಿ ಕೈಚೀಲ ಹಿಡಿದ ತಾಯಿ. ಹೆಣ್ಣು ಕೊಡುವಾಗ ತರುವಾಗ ನಮ್ಮವರು ಜಿಲ್ಲೆ ಕೇಳುವುದಿಲ್ಲ, ಬಸ್ಸು ಇದೆಯೇ ಎಂದು ಕೇಳುತ್ತಾರೆ. ಹಾಗಾಗಿಯೇ ಕೊಳ್ಳೂರು, ಮರಕಲ್ ಕಡೆಯ ಮನೆಗಳಲ್ಲಿ ದೇವದುರ್ಗದ ಕಡೆಯ ಸೊಸೆಯಂದಿರಿದ್ದಾರೆ, ನಾನೂ ಅವರಲ್ಲೊಬ್ಬಳು.

ಇಂಥ ದಾರಿ ಮುಚ್ಚುವುದು ಯಾವಾಗ? ಸರಿಯಾಗಿ ಶ್ರಾವಣದಲ್ಲಿ.

ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ನಾಗರ ಪಂಚಮಿ ಎಂದರೆ ಏನೆಂದು ನಾನು ವಿವರಿಸಬೇಕಿಲ್ಲ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯುವ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಉಂಡಿ, ಅಳ್ಳಿಟ್ಟು, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ. 2019ರ ಶ್ರಾವಣದಲ್ಲಿ ಅಣ್ಣ ಕರೆಯಲು ಹೊರಟವನು ಆಚೆ ದಡದಿಂದಲೇ ಫೋನು ಮಾಡಿದ, ಬ್ರಿಜ್ ಮುಳುಗಿದೆ ಎಂದು. ನಾನು ಮಕ್ಕಳನ್ನು ಕರೆದುಕೊಂಡು ಈಚೆ ದಡಕ್ಕೆ ಹೋದೆ. ಬ್ಯಾರಿಕೇಡಿನ ಹಿಂದೆ ಜನ ನಿಂತಿದ್ದರು. ರಸ್ತೆ ಇಳಿಜಾರಾಗಿ ಹೋಗಿ ನೀರಿನಲ್ಲಿ ಮಾಯವಾಗಿತ್ತು. ಆಮೇಲೆ ಬರೀ ಕೆಂಪು ನೀರು. ಸೇತುವೆ ಇರುವ ಜಾಗದ ಮೇಲೆ ಮಾತ್ರ ನೀರು ಒಂದು ಮಡಿಕೆಯಾಗಿ ಮಗ್ಗುಲು ಬದಲಿಸಿ ಹರಿಯುತ್ತಿತ್ತು. ‘ಕೆಂಪು ಟವಲ್ ಬೀಸುತ್ತೇನೆ, ಕಾಣುತ್ತದೆಯೇ’ ಎಂದ ಅಣ್ಣ. ಮಗಳು ಕಂಡಿತು ಎಂದಳು. ನನಗೆ ಕಾಣಲಿಲ್ಲ, ಆದರೂ ಕಂಡಿತು ಎಂದೆ. ಅವ್ವ ಕಟ್ಟಿಕೊಟ್ಟ ಉಂಡಿಯ ಡಬ್ಬಿಯನ್ನು ಅಣ್ಣ ದೇವದುರ್ಗಕ್ಕೆ ಒಯ್ದು ಬಸ್ಸಿನ ನಿರ್ವಾಹಕರ ಕೈಯಲ್ಲಿ ಕೊಟ್ಟ. ಅದು ಜಾಲಹಳ್ಳಿ, ತಿಂಥಣಿ, ಸುರಪುರ ಸುತ್ತಿ, ಬಸ್ಸಿನಿಂದ ಬಸ್ಸಿಗೆ ದಾಟಿ, ಎರಡು ದಿನದ ಮೇಲೆ ಶಹಾಪುರಕ್ಕೆ ಬಂತು. ಮುಚ್ಚಳ ತೆರೆದರೆ ಒಂದು ಉಂಡಿಯೂ ದುಂಡಗೆ ಉಳಿದಿರಲಿಲ್ಲ. ಆ ಪುಡಿಯನ್ನೇ ಬಟ್ಟಲಿಗೆ ಹಾಕಿ ಮಕ್ಕಳಿಗೆ ಕೊಟ್ಟೆ.

ನಮ್ಮ ಹಬ್ಬ ತಪ್ಪಿದ್ದು ಸಣ್ಣ ವಿಷಯ. ಅದೇ ಸುತ್ತುದಾರಿಯಲ್ಲಿ ಆ ದಿನಗಳಲ್ಲಿ ಆಸ್ಪತ್ರೆಗೆ ಹೋದವರಿದ್ದಾರೆ, ಸತ್ತವರ ಮಣ್ಣಿಗೆ ಹೋದವರಿದ್ದಾರೆ.

ಇದರಲ್ಲಿ ವಿಚಿತ್ರವೆಂದರೆ, ಸೇತುವೆ ಮುಳುಗಿದ ಎಷ್ಟೋ ದಿನ ನಮ್ಮಲ್ಲಿ ಒಂದು ಹನಿ ಮಳೆಯೂ ಬಿದ್ದಿರುವುದಿಲ್ಲ. ಮೇಲೆ ಬಿಸಿಲು, ಹೊಲದಲ್ಲಿ ತೊಗರಿ ಬಾಡುತ್ತಿರುತ್ತದೆ, ಹೊಳೆ ಮಾತ್ರ ದಡ ಮೀರಿ ಹರಿಯುತ್ತಿರುತ್ತದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಘಟ್ಟದಲ್ಲಿ, ಕೊಯ್ನಾ ಕಣಿವೆಯಲ್ಲಿ ಬಿದ್ದ ಮಳೆ ಅದು. ಅಲ್ಲಿಂದ ಆಲಮಟ್ಟಿಗೆ, ಆಲಮಟ್ಟಿಯಿಂದ ನಾರಾಯಣಪುರದ ಬಸವಸಾಗರಕ್ಕೆ, ಬಸವಸಾಗರದ ಗೇಟುಗಳಿಂದ ನಮ್ಮ ಸೇತುವೆಗೆ. ಅಣೆಕಟ್ಟೆ ಬೇಡವಾಗಿತ್ತು ಎನ್ನುವವಳು ನಾನಲ್ಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು, 1982ರಲ್ಲಿ ನಾರಾಯಣಪುರದ ಅಣೆಕಟ್ಟೆ ಮುಗಿಯಿತು, ಅದರ ಎಡದಂಡೆ ಕಾಲುವೆ ಬಂದ ಮೇಲೆಯೇ ಜೋಳ ಮಾತ್ರ ಬೆಳೆಯುತ್ತಿದ್ದ ನಮ್ಮ ಹೊಲಗಳು ಭತ್ತ ಕಂಡವು. ನಾನು ಹೇಳುವುದು ಬೇರೆ. ನಮ್ಮ ಸೇತುವೆಗೆ ಬರುವ ನೀರು ಆಕಾಶದಿಂದ ಹೇಳದೆ ಕೇಳದೆ ಬರುವಂಥದ್ದಲ್ಲ. ಗೇಟು ಎತ್ತಿದ ಹೊತ್ತು ಗೊತ್ತಿರುತ್ತದೆ, ಬಿಟ್ಟ ನೀರಿನ ಲೆಕ್ಕ ಗೊತ್ತಿರುತ್ತದೆ, ಅದು ಕೊಳ್ಳೂರಿಗೆ ತಲುಪಲು ಗಂಟೆಗಳೇ ಬೇಕು. ಗೊತ್ತಿದ್ದು ಬರುವ ನೀರಿಗೆ ನಾವು ಗೊತ್ತಿಲ್ಲದವರ ಹಾಗೆ ಏಕೆ ಸಿಕ್ಕಿಬೀಳಬೇಕು?

ಹೊರಹರಿವು ಮೂರು ಲಕ್ಷ ಕ್ಯೂಸೆಕ್‌ನ ಹತ್ತಿರ ಬಂದಿತೆಂದರೆ ನಮ್ಮ ಸೇತುವೆಯ ಕಥೆ ಮುಗಿದ ಹಾಗೆ. ಒಮ್ಮೆ ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು: ‘ಟೀಚರ್, ಮೂರು ಲಕ್ಷ ಕ್ಯೂಸೆಕ್ ಎಂದರೆ ಎಷ್ಟು ಕೊಡ ನೀರು?’ ಗಣಿತದ ಪಾಠ ನಿಲ್ಲಿಸಿ ಹಲಗೆಯ ಮೇಲೆ ಲೆಕ್ಕ ಹಾಕಿದೆವು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಮೂರು ಲಕ್ಷಕ್ಕೆ ಸೆಕೆಂಡಿಗೆ ಸುಮಾರು 85 ಲಕ್ಷ ಲೀಟರ್. ಕೊಡಕ್ಕೆ 15 ಲೀಟರ್ ಹಿಡಿದರೆ ಐದೂವರೆ ಲಕ್ಷ ಕೊಡಕ್ಕೂ ಹೆಚ್ಚು, ಅದೂ ಒಂದೇ ಸೆಕೆಂಡಿಗೆ. ಹುಡುಗರು ಸುಮ್ಮನೆ ಕುಳಿತರು. ಮನೆಯಲ್ಲಿ ನಾಲ್ಕು ಕೊಡ ನೀರಿಗೆ ನಲ್ಲಿಯ ಮುಂದೆ ಸಾಲು ನಿಲ್ಲುವ ಮಕ್ಕಳು ಅವು. ಇನ್ನೂ ಒಂದು ಲೆಕ್ಕ ಮಾಡಿದೆವು. ಆ ವೇಗದಲ್ಲಿ ಹರಿದರೆ ದಿನಕ್ಕೆ ಸುಮಾರು 26 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಬಸವಸಾಗರದ ಸಾಮರ್ಥ್ಯವೇ 33 ಟಿಎಂಸಿ. ಮೇಲಿಂದ ನೀರು ಬರದಿದ್ದರೆ ಇಡೀ ಜಲಾಶಯ ಒಂದೂಕಾಲು ದಿನದಲ್ಲಿ ಬರಿದಾಗುವಷ್ಟು ನೀರು ನಮ್ಮ ಸೇತುವೆಯ ಮೇಲೆ ಹಾದುಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಹರಿದದ್ದು ಇದರ ಎರಡು ಪಟ್ಟು, ಆರು ಲಕ್ಷ ಕ್ಯೂಸೆಕ್‌ನ ಆಸುಪಾಸು.

ಅಷ್ಟು ನೀರು ತಲೆಯ ಮೇಲೆ ಹರಿದ ಸೇತುವೆಯ ಗತಿ ಏನಾಗುತ್ತದೆ ಎಂದು ನೀರು ಇಳಿದ ದಿನ ನೋಡಬೇಕು. ಮೊದಲು ಕಂಬಿಗಳು ಕಾಣಿಸಿಕೊಳ್ಳುತ್ತವೆ, ಅವುಗಳಿಗೆ ಸಿಕ್ಕಿಕೊಂಡ ಜಾಲಿಯ ಕಂಟಿ, ಹರಿದ ಸೀರೆ, ಭತ್ತದ ಹುಲ್ಲು. ಕೆಲವು ಕಂಬಿಗಳು ನೀರು ಹೋದ ದಿಕ್ಕಿಗೆ ಬಾಗಿರುತ್ತವೆ, ಕೆಲವು ಇರುವುದೇ ಇಲ್ಲ. ರಸ್ತೆಯ ಮೇಲೆ ಪಾದ ಹೂಳುವಷ್ಟು ಜಿಗುಟು ರಾಡಿ, ಅದರ ಕೆಳಗೆ ಎದ್ದ ಡಾಂಬರು. ಊರ ಹೆಣ್ಣುಮಕ್ಕಳು ಬಂದು ಹೊಳೆಗೆ ಉಡಿ ತುಂಬುತ್ತಾರೆ, ಅರಿಸಿನ ಕುಂಕುಮ ಹಚ್ಚುತ್ತಾರೆ. ಆಮೇಲೆ ಮೊದಲ ಮೋಟಾರ್ ಸೈಕಲ್ ದಾಟುತ್ತದೆ.

ಕಣ್ಣಿಗೆ ಕಾಣುವುದು ಇಷ್ಟು. ನನ್ನನ್ನು ಕಾಡುವುದು ಕಾಣದ ಭಾಗ. ಪ್ರವಾಹದ ನೀರು ಕಂಬಗಳ ಬುಡದಲ್ಲಿ ಸುಳಿಯಾಗಿ ತಿರುಗಿ ಮರಳು ಮಣ್ಣನ್ನು ಕೊರೆಯುತ್ತದೆ. ತೇಲಿ ಬಂದ ದೊಡ್ಡ ಮರದ ಬೊಡ್ಡೆಗಳು ಕಂಬಕ್ಕೆ ಬಡಿಯುತ್ತವೆ. ಮುಳುಗಿದ ಹಾಸನ್ನು ನೀರು ಪಕ್ಕದಿಂದ ನೂಕುತ್ತದೆ, ಅಡಿಯಿಂದ ಎತ್ತುತ್ತದೆ. ಎರಡೂ ತುದಿಯಲ್ಲಿ ರಸ್ತೆಗೆ ಕೂಡಿಸಿದ ಮಣ್ಣಿನ ಏರಿ ಒಳಗೊಳಗೇ ಕರಗುತ್ತದೆ. ಸೇತುವೆಗಳು ಬಹುಮಟ್ಟಿಗೆ ಕೆಡುವುದು ಬುಡದಿಂದ ಎಂದು ಎಂಜಿನಿಯರುಗಳೇ ಹೇಳುತ್ತಾರೆ. ಅದಕ್ಕೇ ನೀರು ಇಳಿದ ಕೂಡಲೇ ಬ್ಯಾರಿಕೇಡ್ ಸರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನೀರಿಗಿಳಿದು ಬುಡ ನೋಡಿದವರೊಬ್ಬರು ‘ಇನ್ನು ಹೋಗಬಹುದು’ ಎಂದು ಬರೆದು ಸಹಿ ಹಾಕಲಿ, ಆ ಕಾಗದದ ಪ್ರತಿಯನ್ನು ಎರಡೂ ದಡದಲ್ಲಿ ಅಂಟಿಸಲಿ. ಒಂದು ದಿನ ತಡವಾದರೆ ನಾವು ತಾಳಿಕೊಳ್ಳುತ್ತೇವೆ.

ತಗ್ಗಿನ ಸೇತುವೆ ಕಟ್ಟಿದವರನ್ನು ನಾನು ಹಳಿಯುವುದಿಲ್ಲ. ವರ್ಷದಲ್ಲಿ ಕೆಲವೇ ದಿನ ಮುಳುಗಿದರೆ ನಡೆಯುತ್ತದೆ, ಅಷ್ಟು ಖರ್ಚಿನಲ್ಲಿ ಇನ್ನೊಂದು ಊರಿಗೂ ಸೇತುವೆಯಾಗುತ್ತದೆ ಎಂಬ ಲೆಕ್ಕದಲ್ಲಿ ಇಂಥವನ್ನು ಎಲ್ಲೆಡೆ ಕಟ್ಟಿದ್ದಾರೆ. ಆಗಿನ ಬಡತನಕ್ಕೆ ಅದು ಸರಿಯಾದ ಲೆಕ್ಕವೇ ಇರಬಹುದು. ಆದರೆ 2009ರ ಮಹಾಪ್ರವಾಹ ಮತ್ತು 2019ರ ಪ್ರವಾಹ ಎರಡನ್ನೂ ಕಂಡ ಮೇಲೆ ಆ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಇದೇ ಕೃಷ್ಣೆಗೆ ಇನ್ನೂ ಕೆಳಗೆ ದೇವಸೂಗೂರಿನ ಬಳಿ ನಿಜಾಮರ ಕಾಲದಲ್ಲಿ, 1930–40ರ ದಶಕಗಳಲ್ಲಿ, ‘ಸಿರತ್-ಎ-ಜೂದಿ’ ಎಂಬ ಕಲ್ಲಿನ ಕಮಾನುಗಳ ಸೇತುವೆ ಕಟ್ಟಿದರು. ಎತ್ತಿನ ಗಾಡಿಗಳ ಕಾಲದಲ್ಲಿ ಕಟ್ಟಿದ್ದು ಲಾರಿಗಳ ಕಾಲದವರೆಗೆ ಬಂತು. ಮುಂದಿನ ಪೀಳಿಗೆಯ ಓಡಾಟವನ್ನು ಎಣಿಸಿ ಕಟ್ಟಿದ ಸೇತುವೆ ಹಾಗಿರುತ್ತದೆ. ಸುರಪುರ–ಲಿಂಗಸುಗೂರು ಹೆದ್ದಾರಿಯಲ್ಲಿ ತಿಂಥಣಿಯ ಸೇತುವೆ ಎಷ್ಟು ಮುಖ್ಯವಾಯಿತೆಂದರೆ ಅದರ ಪಕ್ಕದ ಜಾಗಕ್ಕೇ ‘ತಿಂಥಣಿ ಬ್ರಿಜ್’ ಎಂದು ಹೆಸರು ನಿಂತಿತು. ಅಲ್ಲಿ ಮಠವಿದೆ, ಉತ್ಸವ ನಡೆಯುತ್ತದೆ. ಸೇತುವೆ ಗಟ್ಟಿಯಾಗಿದ್ದರೆ ಊರೇ ಹುಟ್ಟುತ್ತದೆ. ಕೊಳ್ಳೂರಿನಲ್ಲೂ ಎತ್ತರದ ಸೇತುವೆಯೊಂದು ಬರಲಿ, ಅದರ ಎತ್ತರವನ್ನು 2009 ಮತ್ತು 2019ರ ನೀರಿನ ಗುರುತು ನೋಡಿ ನಿರ್ಧರಿಸಲಿ, ಅಂದಾಜು ಪಟ್ಟಿ ಮಾಡುವಾಗ ಎರಡೂ ದಡದ ಜನರನ್ನು ಒಂದೇ ಸಭೆಯಲ್ಲಿ ಕೂರಿಸಿ ಕೇಳಲಿ.

ದೊಡ್ಡ ಸೇತುವೆಗೆ ವರ್ಷಗಳು ಹಿಡಿಯುತ್ತವೆ, ಬಲ್ಲೆ. ಅಲ್ಲಿಯವರೆಗೆ ಮಾಡಬಹುದಾದ ಒಂದು ಕೆಲಸಕ್ಕೆ ಹೆಚ್ಚು ಹಣ ಬೇಡ. ಸೇತುವೆಯ ಎರಡೂ ತುದಿಯಲ್ಲಿ ದೂರದಿಂದ ಓದುವಂಥ ಎತ್ತರದ ಅಳತೆಗೋಲು ನಿಲ್ಲಿಸಿ. ಅದರ ಮೇಲೆ ಬರೀ ಅಡಿ, ಮೀಟರ್ ಬೇಡ. ನಾರಾಯಣಪುರದಿಂದ ಎಷ್ಟು ಬಿಟ್ಟಾಗ ನೀರು ಎಲ್ಲಿಗೆ ಮುಟ್ಟುತ್ತದೆ ಎಂದು ಲಕ್ಷಗಳಲ್ಲಿ ಬರೆಸಿ: ಇಲ್ಲಿಗೆ ಒಂದು ಲಕ್ಷ, ಇಲ್ಲಿಗೆ ಎರಡು ಲಕ್ಷ, ಈ ಕೆಂಪು ಗೆರೆ ದಾಟಿದರೆ ಬಂದ್. ಈಗ ದಡದ ರೈತರಿಗೆ ಗೊತ್ತಾಗುವುದು ಪಂಪ್‌ಸೆಟ್ ಮುಳುಗುವ ಹೊತ್ತಿಗೆ. ರಾತ್ರಿಯಲ್ಲಿ ಬ್ಯಾಟರಿ ಹಿಡಿದು ಹಗ್ಗ ಕಟ್ಟಿ ಮೋಟಾರನ್ನು ದಡಕ್ಕೆ ಎಳೆಯುವ ಗಂಡಸರ ಕೂಗು ಕೇಳಿದಾಗ ನಮಗೆ, ‘ಹೊಳೆ ಬಂತು’ ಎಂದು. ಮೊಬೈಲಿನಲ್ಲಿ ಬರುವ ಸುದ್ದಿಯಲ್ಲಿ ಲಕ್ಷ ಕ್ಯೂಸೆಕ್ ಎಂದಿರುತ್ತದೆ, ನಮ್ಮ ಕಣ್ಣ ಮುಂದೆ ಇರುವುದು ನೀರು. ಎರಡನ್ನೂ ಕೂಡಿಸುವ ಗೆರೆ ಕಂಬದ ಮೇಲೆ ಇದ್ದರೆ, ನನ್ನ ಆರನೆಯ ತರಗತಿಯ ಹುಡುಗಿಯೇ ಅವಳ ಅಪ್ಪನಿಗೆ ಓದಿ ಹೇಳುತ್ತಾಳೆ.

ಜೊತೆಗೆ, ಸೇತುವೆ ಮುಚ್ಚುವ ಮತ್ತು ತೆರೆಯುವ ಮಾತು ಒಬ್ಬರದಾಗಿರಲಿ. ಯಾವ ಜಿಲ್ಲೆಯವರು ಎಂಬುದು ನಮಗೆ ಮುಖ್ಯವಲ್ಲ. ಅಜ್ಜನ ಕಾಲದ ಅಂಬಿಗನ ಹಾಗೆ, ಅವರು ಬೇಡ ಎಂದರೆ ಎರಡೂ ದಡದಲ್ಲಿ ಒಂದೇ ಗಳಿಗೆಗೆ ಬ್ಯಾರಿಕೇಡ್ ಬೀಳಬೇಕು, ಎರಡೂ ಕಡೆಯ ಊರುಗಳಲ್ಲಿ ಒಂದೇ ಹೊತ್ತಿಗೆ ಡಂಗುರ ಸಾರಬೇಕು. ಮುಚ್ಚಿದ ದಿನದಿಂದಲೇ ಶಹಾಪುರದಿಂದ ತಿಂಥಣಿಯ ಮೇಲೆ ದೇವದುರ್ಗಕ್ಕೆ ನೇರ ಬಸ್ಸು ಓಡಲಿ, ಬೆಳಿಗ್ಗೆ ಒಂದು, ಸಂಜೆ ಒಂದು. ಕಾಲೇಜಿಗೆ ಹೋಗುವವರು, ಡಯಾಲಿಸಿಸ್‌ಗೆ ಹೋಗುವವರು ಮೂರು ಬಸ್ಸು ಬದಲಿಸದಂತಾಗಲಿ.

ಹೆಸರಿನ ವಿಷಯ ಕೊನೆಗೆ ಉಳಿಯಿತು. ಹೊಸ ಸೇತುವೆ ಬಂದಾಗ ಫಲಕದ ಮೇಲೆ ‘ಕೊಳ್ಳೂರು–ಹೂವಿನಹೆಡಗಿ ಸೇತುವೆ’ ಎಂದು ಎರಡೂ ಹೆಸರನ್ನು ಬರೆಸಿ. ಆಚೆಯ ಫಲಕದಲ್ಲಿ ಬೇಕಾದರೆ ‘ಹೂವಿನಹೆಡಗಿ–ಕೊಳ್ಳೂರು’ ಎಂದಿರಲಿ.

ಈ ಪತ್ರದ ಪ್ರತಿಯನ್ನು ಎರಡೂ ದಡದ ಗ್ರಾಮ ಪಂಚಾಯಿತಿಗಳಿಗೆ ಕಳುಹಿಸಿದ್ದೇನೆ. ಆಚೆ ದಡದ ಪ್ರತಿಯನ್ನು ಅಣ್ಣ ಒಯ್ದಿದ್ದಾನೆ. ಹೊಳೆಯಲ್ಲಿ ಈಗ ನೀರು ಕಡಿಮೆಯಿದೆ, ಕಂಬಗಳ ಬುಡ ಕಾಣುತ್ತಿದೆ. ಅಳೆಯುವವರು ಬರುವುದಾದರೆ ಇದೇ ಸರಿಯಾದ ಕಾಲ. ಶ್ರಾವಣಕ್ಕೆ ಮೊದಲು ಬನ್ನಿ. ಎಲ್ಲಿಯವರೆಗೆ ನೀರು ಬಂದಿತ್ತೆಂದು ಗೋಡೆಗಳ ಮೇಲಿನ ಗುರುತು ತೋರಿಸಲು ನಮ್ಮ ಶಾಲೆಯ ಮಕ್ಕಳು ನಿಮ್ಮ ಜೊತೆ ಬರುತ್ತಾರೆ.

ಇಂತಿ,
ಕೃಷ್ಣೆಯ ಎರಡೂ ದಡದ ಮಗಳು,
ಒಬ್ಬ ಶಿಕ್ಷಕಿ
ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ